ಎದೆಗೆ ಕಟ್ಟಿದ ಮಲ್ಲಿಗೆ

ನಮ್ಮ ಬೀದಿಯಲ್ಲಿ ಯಾರಿಗೆ ಕೆಮ್ಮು ಬಂದರೂ ಮೊದಲು ನನ್ನ ಗೇಟು ತಟ್ಟುತ್ತಿದ್ದರು, ಆಮೇಲೆ ಮೆಡಿಕಲ್ ಶಾಪಿಗೆ ಹೋಗುತ್ತಿದ್ದರು. ಮಕ್ಕಳಿಗೆ ಕಫ ಕಟ್ಟಿದ್ದರೆ ತುಂಬೆ ಹೂವಿನ ರಸಕ್ಕೆ ಜೇನು ಬೆರೆಸಿ ಕೊಡುತ್ತಿದ್ದೆ. ಕಂಪ್ಯೂಟರ್ ನೋಡಿ ನೋಡಿ ಕಣ್ಣುರಿ ಅಂದವರಿಗೆ ನೀರಲ್ಲಿ ನೆನೆಸಿದ ನಂದಿಬಟ್ಟಲು. ಮುಟ್ಟು ನಿಲ್ಲದೆ ಹೋಗುತ್ತಿದ್ದರೆ ಬಿಳಿ ದಾಸವಾಳದ ಮೊಗ್ಗು, ಹಾಲಲ್ಲಿ ಅರೆದು. ಶುಗರ್ ಇದ್ದವರಿಗೆ ನೆರಳಲ್ಲಿ ಒಣಗಿಸಿದ ತಂಗಡಿ ಹೂವಿನ ಕಷಾಯ. ಇದೆಲ್ಲ ನನ್ನ ಅತ್ತೆ ಕಲಿಸಿದ್ದು. ನಮ್ಮ ಈ ಮಾರೇನಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಅವರು ಬೇಲಿ ಸಾಲಲ್ಲಿ ಕಿತ್ತು ತರುತ್ತಿದ್ದ ಹೂಗಳನ್ನು ನಾನು ತಾರಸಿ ಮೇಲೆ ಕುಂಡಗಳಲ್ಲಿ ಬೆಳೆಸಿದ್ದೆ. ಜಂಭ ಇತ್ತು ನನಗೆ, ಇಲ್ಲ ಅನ್ನುವುದಿಲ್ಲ. ಮಾತುಮಾತಿಗೂ ಡಾಕ್ಟರ ಹತ್ತಿರ ಓಡುವವರನ್ನು ಕಂಡರೆ ಒಳಗೊಳಗೇ ನಗುತ್ತಿದ್ದೆ.

ಆ ಜಂಭವೇ ನನ್ನ ಮೊಮ್ಮಗಳ ಬಾಯಿಂದ ಹಾಲು ಕಿತ್ತುಕೊಂಡಿತು. ಅದನ್ನು ಯಾರಿಗೂ ಪೂರ್ತಿ ಹೇಳಿಲ್ಲ. ಈಗ ಬರೆಯುತ್ತಿದ್ದೇನೆ.

ನನ್ನ ಒಬ್ಬಳೇ ಮಗಳಿಗೆ ಮದುವೆಯಾದ ಏಳು ವರ್ಷಕ್ಕೆ ಬಸಿರು ನಿಂತಿತ್ತು. ಅದಕ್ಕೆ ಮುಂಚೆ ಎರಡು ಇಳಿದುಹೋಗಿದ್ದವು. ಇದಾದರೂ ಉಳಿಯಲಿ ಎಂದು ಅವಳು ರಾಜರಾಜೇಶ್ವರಿನಗರದ ತನ್ನ ಅಪಾರ್ಟ್‌ಮೆಂಟು ಬಿಟ್ಟು ನಮ್ಮ ಮನೆಗೇ ಬಂದಿದ್ದಳು. ಏಳು ತಿಂಗಳು ತುಂಬಿ ನಾಲ್ಕು ದಿನವಾಗಿತ್ತು, ನೀರು ಒಡೆಯಿತು. ರಾಜಾಜಿನಗರದ ಒಂದು ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು, ಒಂದೂಕಾಲು ಕೆಜಿಯೂ ಇಲ್ಲ. ಗಾಜಿನ ಪೆಟ್ಟಿಗೆಯೊಳಗೆ ಮೂಗಿಗೊಂದು ಬಾಯಿಗೊಂದು ನಳಿಕೆ ಸಿಕ್ಕಿಸಿಕೊಂಡು ಮಲಗಿತ್ತು. ನನ್ನ ಮುಂಗೈಯಷ್ಟು ಉದ್ದ.

"ಇಂಥ ಮಗೂಗೆ ತಾಯಿ ಹಾಲೇ ಔಷಧಿ ಅಮ್ಮ. ಪುಡಿ ಹಾಲು ಇದರ ಕರುಳಿಗೆ ಕಷ್ಟ," ಎಂದರು ಡಾಕ್ಟರಮ್ಮ.

ಮಗಳನ್ನು ಡಿಸ್ಚಾರ್ಜ್ ಮಾಡಿ ಮನೆಗೆ ಕಳಿಸಿದರು, ಮಗು ಅಲ್ಲೇ ಉಳಿಯಿತು. ಅವಳು ಮೂರು ಮೂರು ಗಂಟೆಗೊಮ್ಮೆ ಪಂಪ್ ಇಟ್ಟುಕೊಂಡು ಹಾಲು ಹಿಂಡುವುದು, ಅಳಿಯಂದಿರು ಅದನ್ನು ಐಸಿನ ಡಬ್ಬಿಯಲ್ಲಿಟ್ಟುಕೊಂಡು ಕಾರ್ಡ್ ರೋಡಿನ ಟ್ರಾಫಿಕ್ಕಿನಲ್ಲಿ ಸ್ಕೂಟರ್ ಓಡಿಸುವುದು. ಒಂದು ಸಲಕ್ಕೆ ಎರಡು ಎಂಎಲ್ ಕುಡಿಯುತ್ತಿತ್ತು ಮಗು. ನಂಬಿ, ಅರ್ಧ ಚಮಚ. ಆ ಅರ್ಧ ಚಮಚಕ್ಕೆ ನಾವು ಮೂರು ಜನ ಬದುಕುತ್ತಿದ್ದೆವು.

ನಾನು ದಿನಾ ಮಧ್ಯಾಹ್ನ ಆಸ್ಪತ್ರೆಯ ವರಾಂಡದಲ್ಲಿ ಕೂರುತ್ತಿದ್ದೆ. ಅಲ್ಲಿಯೇ ಪರಿಚಯವಾದವಳು ರಾಯಚೂರು ಕಡೆಯ ಒಬ್ಬ ಹೆಂಗಸು. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ಗಂಡ ನಾಯಂಡಹಳ್ಳಿಯ ಗೋಡೌನಿನಲ್ಲಿ ಮೂಟೆ ಹೊರುವವನು. ಅವಳ ಮಗುವೂ ಅದೇ ಕೋಣೆಯಲ್ಲಿ, ಇನ್ನೊಂದು ಪೆಟ್ಟಿಗೆಯಲ್ಲಿತ್ತು. ನನ್ನ ಬಾಯಿ ಸುಮ್ಮನಿರುತ್ತದೆಯೇ? ಅವಳು ಕೆಮ್ಮುವುದು ಕೇಳಿ ಮಾರನೇ ದಿನವೇ ತುಂಬೆ ಹೂವಿನ ಕಷಾಯ ಫ್ಲಾಸ್ಕಿನಲ್ಲಿ ತಂದು ಕುಡಿಸಿದೆ, ಯಾವ ಹೂ ಯಾವುದಕ್ಕೆ ಎಂದು ಒಂದು ಗಂಟೆ ಪಾಠ ಮಾಡಿದೆ. "ಭಾಳ ತಿಳಕೊಂಡೀರಿ ಬಿಡ್ರಿ ಯವ್ವಾ," ಎಂದಳು. ನಾನು ಉಬ್ಬಿಹೋದೆ.

ಒಂಬತ್ತನೇ ದಿನ ಮೊಮ್ಮಗಳ ಹೊಟ್ಟೆ ಉಬ್ಬಿತು. ಕರುಳಿಗೆ ಸೋಂಕು ಎಂದರು. ಡಾಕ್ಟರಮ್ಮ ಅಳಿಯಂದಿರನ್ನೂ ನನ್ನನ್ನೂ ಒಳಗೆ ಕರೆದು ಕೂರಿಸಿದರು. ಡಾಕ್ಟರುಗಳು ಕುರ್ಚಿ ಕೊಟ್ಟು ಕೂರಿಸಿದರೆ ಒಳ್ಳೆಯ ಸುದ್ದಿ ಇರುವುದಿಲ್ಲ ಎಂದು ಅಷ್ಟು ಹೊತ್ತಿಗೆ ನನಗೆ ಗೊತ್ತಾಗಿತ್ತು.

"ನಾವು ಎಲ್ಲಾ ಪ್ರಯತ್ನ ಮಾಡ್ತಾ ಇದೀವಿ. ಆದ್ರೆ ನೀವು ಮನಸ್ಸು ಗಟ್ಟಿ ಮಾಡ್ಕೊಂಡಿರಿ. ಸದ್ಯಕ್ಕೆ ಹಾಲು ನಿಲ್ಲಿಸಿದೀವಿ."

ಅಳಿಯಂದಿರು ಅಲ್ಲೇ ಗೋಡೆಗೆ ತಲೆ ಆನಿಸಿ ಅತ್ತರು. ನಾನು ಹೊರಗೆ ಬಂದಾಗ ಹಿಂದೆಯೇ ಬಂದ ನರ್ಸ್, ಕೇರಳದ ಹುಡುಗಿ, ನನ್ನ ಕೈ ಹಿಡಿದು ನಿಲ್ಲಿಸಿದಳು. "ಆಂಟಿ, ಮಗಳಿಗೆ ಹೇಳಿ. ಹಾಲು ಹಿಂಡೋದು ನಿಲ್ಲಿಸಬಾರದು. ಹಿಂಡಿ ಹಿಂಡಿ ಫ್ರೀಜರಲ್ಲಿ ಇಡಲಿ. ಮತ್ತೆ ಶುರು ಮಾಡಿದಾಗ ಬೇಕಾಗುತ್ತೆ. ಮರೀಬೇಡಿ."

ಆಯ್ತಮ್ಮ ಎಂದೆ. ಆಟೋದಲ್ಲಿ ಕೂತು ವಿಜಯನಗರಕ್ಕೆ ಬರುವಷ್ಟರಲ್ಲಿ ಹೇಳಬಾರದು ಎಂದು ತೀರ್ಮಾನ ಮಾಡಿದ್ದೆ. ಆ ನರ್ಸ್ ಮಾತು ನನಗೆ ಸಮಾಧಾನದ ಮಾತಿನ ಹಾಗೆ ಕೇಳಿಸಿತ್ತು. ನಾನು ಮಗುವಿನ ಬಣ್ಣ ನೋಡಿದ್ದೆನಲ್ಲ, ಬೂದಿಯ ಬಣ್ಣ. ಇಂಥದನ್ನು ಮೊದಲೂ ನೋಡಿದವಳು ನಾನು.

ನನ್ನ ಚೊಚ್ಚಲ ಗಂಡು ಮಗು ಹುಟ್ಟಿದ ಮೂರನೇ ದಿನ ಹೋಗಿತ್ತು. ಮಗುವನ್ನು ಮಣ್ಣಿಗಿಟ್ಟು ಬಂದ ಮಾರನೇ ದಿನ ನನಗೆ ಹಾಲು ಇಳಿಯಿತು. ಕುಡಿಯುವವರಿಲ್ಲ, ರವಿಕೆಯೆಲ್ಲ ಒದ್ದೆ. ಪಕ್ಕದ ಮನೆಯಲ್ಲಿ ಯಾರದೋ ಮಗು ಅತ್ತರೆ ಸಾಕು, ಎದೆ ಜುಮ್ಮೆಂದು ಹಾಲು ಉಕ್ಕುತ್ತಿತ್ತು. ಆಗ ಅತ್ತೆ ಮಡಿಲು ತುಂಬ ಬಿಡಿ ಮಲ್ಲಿಗೆ ತಂದು, ಎರಡೂ ಎದೆಯ ಮೇಲೆ ದಪ್ಪಗೆ ಹರಡಿ, ಹಳೇ ಪಂಚೆಯಿಂದ ಬಿಗಿಯಾಗಿ ಕಟ್ಟಿದ್ದರು. ಬೆಳಿಗ್ಗೆ ಕಟ್ಟಿದ್ದನ್ನು ಸಂಜೆ ಬದಲಿಸುತ್ತಿದ್ದರು. ಮಲ್ಲಿಗೆ ಕಟ್ಟಿದರೆ ಹಾಲು ಬತ್ತುತ್ತದೆ. ನಾಲ್ಕೈದು ದಿನಕ್ಕೆ ನನ್ನ ಹಾಲು ಬತ್ತಿತು. ಅವರು ಆ ಹೂ ಕಟ್ಟದಿದ್ದರೆ ನನಗೆ ಹುಚ್ಚು ಹಿಡಿಯುತ್ತಿತ್ತು ಎಂದು ಈಗಲೂ ನಂಬುತ್ತೇನೆ.

ಮನೆಗೆ ಬಂದಾಗ ಮಗಳು ನನ್ನ ಮುಖ ನೋಡಿದಳು. ಹಾಲು ನಿಲ್ಲಿಸಿದ್ದನ್ನು ಅಷ್ಟರಲ್ಲಿ ಅಳಿಯಂದಿರು ಫೋನಿನಲ್ಲಿ ಹೇಳಿದ್ದರು. ಪಂಪನ್ನು ಮಂಚದ ಕೆಳಗೆ ತಳ್ಳಿ ಗೋಡೆಗೆ ಮುಖ ಹಾಕಿ ಮಲಗಿದಳು. ಮಾರನೇ ದಿನ ಬೆಳಿಗ್ಗೆ ಹೊತ್ತಿಗೆ ಎದೆ ಎರಡೂ ಕಲ್ಲಾಗಿದ್ದವು. ಮೈ ಸುಡುತ್ತಿತ್ತು. ಕೈ ತಗುಲಿಸಿದರೆ ಅಮ್ಮಾ ಎಂದು ಚೀರುತ್ತಿದ್ದಳು. ಪಂಪ್ ಎತ್ತಿ ಕೊಟ್ಟಿದ್ದರೆ ಮುಗಿದುಹೋಗುತ್ತಿತ್ತು. ನಾನು ಚಪ್ಪಲಿ ಮೆಟ್ಟಿ ವಿಜಯನಗರ ಮಾರ್ಕೆಟ್ಟಿಗೆ ಹೋದೆ.

"ಕಾಲು ಕೆಜಿ ಬಿಡಿ ಮಲ್ಲಿಗೇನಾ? ಏನಕ್ಕಾ, ಮನೇಲಿ ಪೂಜೆನಾ?" ಎಂದು ಹೂವಿನವಳು ಕೇಳಿದಳು.

"ಹೂಂ, ಪೂಜೆ," ಎಂದೆ.

ಮನೆಗೆ ಬಂದು ಮಗಳನ್ನು ಎಬ್ಬಿಸಿ ಕೂರಿಸಿ ಹೂ ಹರಡತೊಡಗಿದಾಗ ಅವಳು, "ಇದ್ಯಾಕಮ್ಮಾ?" ಎಂದಳು. ಆಫೀಸು, ಲ್ಯಾಪ್‌ಟಾಪು ಎಂದು ಬೆಳೆದವಳು. ಹೂವಿನ ವಿದ್ಯೆ ಅವಳಿಗೆ ಬೇಕಿರಲಿಲ್ಲ, ನಾನೂ ಕಲಿಸಿರಲಿಲ್ಲ.

"ತಂಪು ಕಣೇ. ನೋವು ಕಮ್ಮಿ ಆಗುತ್ತೆ. ಸುಮ್ನಿರು."

ಅದು ಸುಳ್ಳಲ್ಲ. ನಿಜವೂ ಅಲ್ಲ. ಅವಳು ಸಣ್ಣ ಮಗುವಿನ ಹಾಗೆ ಎರಡೂ ಕೈ ಎತ್ತಿಕೊಂಡು ಕೂತಳು. ನಾನು ಬಟ್ಟೆ ಸುತ್ತಿ ಬೆನ್ನ ಹಿಂದೆ ಗಂಟು ಹಾಕಿದೆ. ಮನೆಯೆಲ್ಲ ಮದುವೆ ಮನೆಯ ವಾಸನೆ.

ಹಾಗೆ ನಾಲ್ಕು ದಿನ ಕಟ್ಟಿದೆ. ಅಳಿಯಂದಿರು ಆಸ್ಪತ್ರೆಯ ವರಾಂಡ ಬಿಟ್ಟು ಬರುತ್ತಿರಲಿಲ್ಲ. ಹಾಗೇ ಇದೆ ಅತ್ತೆ, ಹಾಗೇ ಇದೆ ಎಂದು ಫೋನು. ಫೋನು ಬಂದಾಗಲೆಲ್ಲ ಇದೇ ಆ ಫೋನು ಎಂದು ನಾನು ದೇವರ ಗೂಡಿನ ಮುಂದೆ ಹೋಗಿ ನಿಲ್ಲುತ್ತಿದ್ದೆ. ಮೂರನೇ ದಿನಕ್ಕೆ ಮಗಳ ಎದೆ ಮೆತ್ತಗಾಯಿತು, ಜ್ವರ ಬಿಟ್ಟಿತು. ನಾಲ್ಕನೇ ದಿನ ರವಿಕೆ ಒಣಗಿತ್ತು. ನೋಡು, ಎಂಥ ಮದ್ದು, ಎಂದು ಮನಸ್ಸಿನಲ್ಲೇ ಬೀಗಿದೆ. ಥೂ ನನ್ನ ಜನ್ಮಕ್ಕೆ.

ಐದನೇ ದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅಳಿಯಂದಿರ ಫೋನು. ಮಗಳು ಸ್ಪೀಕರ್ ಒತ್ತಿದಳು. ಅವರು ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ.

"ಹೊಟ್ಟೆ ಇಳಿದಿದೆ ಕಣೇ! ಸೋಂಕು ಕಮ್ಮಿ ಆಗಿದೆಯಂತೆ. ನಾಳೆಯಿಂದ ಹಾಲು ಶುರು ಮಾಡ್ತಾರಂತೆ, ಒಂದೊಂದೇ ಎಂಎಲ್ಲು. ಸಿಸ್ಟರ್ ಹೇಳಿದ್ರು, ಇಷ್ಟು ದಿನ ಹಿಂಡಿ ಫ್ರೀಜರಲ್ಲಿ ಇಟ್ಟಿರೋದನ್ನ ತನ್ನಿ ಅಂತ. ಅತ್ತೆಗೆ ಹೇಳಿದ್ರಂತಲ್ಲ."

ಮಗಳು ಫೋನು ಕೆಳಗಿಟ್ಟಳು. ನನ್ನ ಕೈಯಲ್ಲಿ ಅವತ್ತಿನ ಹೂವಿನ ಪೊಟ್ಟಣವಿತ್ತು.

"ಫ್ರೀಜರಲ್ಲಿ ಏನಮ್ಮಾ ಇಡಬೇಕಿತ್ತು?"

ನಾನು ಹೇಳಿದೆ. ನರ್ಸ್ ಹೇಳಿದ್ದು, ನಾನು ಹೇಳದೇ ಇದ್ದದ್ದು, ಮಲ್ಲಿಗೆ ಯಾಕೆ ಕಟ್ಟುತ್ತಾರೆ ಅನ್ನುವುದು, ಎಲ್ಲ. ಅವಳು ಬಟ್ಟೆಯ ಗಂಟನ್ನು ಬಿಚ್ಚಲಿಲ್ಲ, ಕಿತ್ತಳು. ಬಾಡಿದ ಹೂ ಮಡಿಲ ತುಂಬ ಉದುರಿತು. ಮಂಚದ ಕೆಳಗಿಂದ ಪಂಪ್ ಎಳೆದು ಎದೆಗೆ ಹಚ್ಚಿಕೊಂಡಳು. ಅದು ಗೊರ್ ಗೊರ್ ಎಂದು ಗಾಳಿ ಎಳೆಯಿತು. ಒಂದು ಹನಿ ಬರಲಿಲ್ಲ. ಇನ್ನೊಂದು ಕಡೆ ಹಚ್ಚಿದಳು. ಅರ್ಧ ಗಂಟೆ. ಮೊಲೆತೊಟ್ಟು ಒಡೆದು ಬಾಟಲಿಗೆ ರಕ್ತದ ಗೆರೆ ಇಳಿಯಿತೇ ಹೊರತು ಹಾಲಲ್ಲ.

"ಬೈಯ್ಯೇ, ಹೊಡಿಯೇ ನನ್ನ," ಎಂದು ಅವಳ ಕಾಲ ಹತ್ತಿರ ಕೂತೆ.

ಅವಳು ಕಿರುಚಲಿಲ್ಲ. "ಹಾಲಿನ ವಿಷಯ ಬಿಡಮ್ಮ. ಅವಳಿನ್ನೂ ಉಸಿರಾಡ್ತಾ ಇದ್ಲು. ನೀನು ಆಗ್ಲೇ ಮಣ್ಣು ಮಾಡಿಬಿಟ್ಟಿದ್ದೆ," ಎಂದಳು. ಅದಾದ ಮೇಲೆ ನನ್ನ ಜೊತೆ ಮಾತು ಬಿಟ್ಟಳು.

ಆಸ್ಪತ್ರೆಯಲ್ಲಿ ಬೇರೆ ತಾಯಂದಿರು ಕೊಟ್ಟ ಹಾಲು ಇಡುವ ವ್ಯವಸ್ಥೆ ಇತ್ತು, ಆದರೆ ಆಗ ಅಲ್ಲಿ ಖಾಲಿಯಾಗಿತ್ತು. ಇನ್ನೆರಡು ದಿನ ಕಾಯೋಣ, ಆಮೇಲೆ ಬೇರೆ ದಾರಿಯಿಲ್ಲದಿದ್ದರೆ ಪುಡಿ ಹಾಲೇ ಎಂದರು ಡಾಕ್ಟರಮ್ಮ. ಆಗಷ್ಟೇ ಮಾಗುತ್ತಿರುವ ಕರುಳು, ಏನಾಗುತ್ತದೋ ಹೇಳಲಾರೆ ಎಂದೂ ಹೇಳಿದರು.

ಎರಡು ದಿನ. ಹೂವಿನಿಂದ ಹೋದದ್ದನ್ನು ಹೂವಿನಿಂದಲೇ ತರುತ್ತೇನೆ ಎಂದು ನಾನು ಹಟ ಹಿಡಿದೆ. ಬಾಳೆ ಹೂ ತಿಂದರೆ ಬಾಣಂತಿಗೆ ಹಾಲು ಹೆಚ್ಚುತ್ತದೆ, ಅದೂ ಅತ್ತೆಯ ಪಾಠವೇ. ವಿಜಯನಗರ ಮಾರ್ಕೆಟ್ಟಿನಲ್ಲಿ ಅವತ್ತು ಒಂದೇ ಒಂದು ಬಾಳೆ ಹೂ ಸಿಗಲಿಲ್ಲ. ನಾಗರಬಾವಿಯವರೆಗೂ ತರಕಾರಿ ಅಂಗಡಿ ಒಂದೂ ಬಿಡಲಿಲ್ಲ. ಕೊನೆಗೆ ಬಸ್ಸು ಹತ್ತಿ ಕೆಂಗೇರಿಗೆ ಹೋಗಿ, ಯಾವುದೋ ಮನೆಯ ಕಾಂಪೌಂಡಿನೊಳಗೆ ಗೊನೆ ಬಿಟ್ಟ ಬಾಳೆ ಕಂಡು ಗೇಟು ತಟ್ಟಿದೆ. ಒಡತಿ ನನ್ನ ಅವತಾರ ನೋಡಿ ಹೆದರಿದಳು. ತಲೆ ಬಾಚಿರಲಿಲ್ಲ, ಸೀರೆ ನೆರಿಗೆ ಬಿಚ್ಚಿಹೋಗಿತ್ತು. ಕಾರಣ ಹೇಳುವಾಗ ಅತ್ತುಬಿಟ್ಟೆ. ಅವಳೇ ಏಣಿ ಹಾಕಿ ಹೂ ಕೊಯ್ದುಕೊಟ್ಟಳು.

ಒಂದೊಂದು ಎಸಳಿನಿಂದ ನಾರು ಕಿತ್ತು, ಮಜ್ಜಿಗೆಯಲ್ಲಿ ನೆನೆಸಿ, ಬೆಳ್ಳುಳ್ಳಿ ಹಾಕಿ ಪಲ್ಯ ಮಾಡಿ ತಟ್ಟೆ ಅವಳ ಮುಂದಿಟ್ಟೆ. ನನ್ನ ಮುಖ ನೋಡದೆ ತಿಂದಳು. ಮಗುವಿಗೋಸ್ಕರ ತಿಂದಳು. ಎರಡು ಗಂಟೆಗೊಮ್ಮೆ ಪಂಪ್. ಮೊದಲ ದಿನ ಏನೂ ಇಲ್ಲ. ಎರಡನೇ ದಿನ ಬಾಟಲಿಯ ತಳದಲ್ಲಿ ಒಂದು ಒದ್ದೆ ಕಲೆ, ಸುರಿದುಕೊಳ್ಳಲೂ ಆಗದಷ್ಟು. ನಾನು ಅಡುಗೆಮನೆಗೆ ಹೋಗಿ ಹಣೆ ಹಣೆ ಚಚ್ಚಿಕೊಂಡೆ.

ಮಾರನೇ ದಿನ ಮಧ್ಯಾಹ್ನ ಆಸ್ಪತ್ರೆಯ ವರಾಂಡದಲ್ಲಿ ಕೂತಿದ್ದೆ. ಸಂಜೆಗೆ ಪುಡಿ ಹಾಲು ಶುರು ಮಾಡುವುದಾಗಿ ಹೇಳಿದ್ದರು. ಅಷ್ಟರಲ್ಲಿ ಯಾರೋ ಬಂದು ಪಕ್ಕದಲ್ಲಿ ಕೂತರು. ರಾಯಚೂರು ಕಡೆಯ ಆ ಹೆಂಗಸು. ಅವಳ ಮಗು ಎರಡು ದಿನದ ಹಿಂದೆ ತೀರಿಕೊಂಡಿತ್ತು. ಅದನ್ನು ಅಳಿಯಂದಿರು ಹೇಳಿದ್ದರು, ನಮ್ಮ ಗೋಳಿನಲ್ಲಿ ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಏನೋ ಕಾಗದಕ್ಕೆಂದು ಗಂಡನ ಜೊತೆ ಬಂದಿದ್ದಳು. ಸೆರಗು ಎದೆಯ ಹತ್ತಿರ ನೆನೆದು ಅಂಟಿಕೊಂಡಿತ್ತು.

"ಯವ್ವಾ, ಎದಿ ಕಲ್ಲಾಗ್ಯಾವ್ರಿ. ಕೈ ಎತ್ತಾಕ ಆಗವಲ್ದು. ನಮ್ಮೂರಾಗಾಗಿದ್ರ ಮಲ್ಲಿಗಿ ಕಟ್ತಿದ್ರು. ಇಲ್ಲಿ ನಾ ಯಾರ್ನ ಕೇಳ್ಲಿ? ನೀವು ಹೂವಿನ ಔಷಧ ಬಲ್ಲವ್ರು, ನೀವ ಕಟ್ರಿ."

ನನ್ನ ಕಣ್ಣು ಅವಳ ಒದ್ದೆ ಸೆರಗಿನ ಮೇಲೆ ನಿಂತಿತು. ಎಂಥ ಹೆಂಗಸು ನಾನು ಎಂದು ಈಗಲೂ ಅನ್ನಿಸುತ್ತದೆ. ಅವಳ ಮಗು ಹೋಗಿ ಎರಡು ದಿನ, ನನಗೆ ಕಂಡದ್ದು ಹಾಲು. ಅಷ್ಟೇ ಅಲ್ಲ. ಇವತ್ತು ಮಲ್ಲಿಗೆ ಬಂದಿಲ್ಲ ಅಂತ ಹೇಳಿಬಿಡು, ಹಿಂಡಿದರೆ ನೋವು ಇಳಿಯುತ್ತದೆ ಅಂತ ಹೇಳು, ಹಿಂಡಿದ್ದನ್ನು ನರ್ಸ್ ಕೈಗೆ ಕೊಡು, ಎಂದು ತಲೆಯೊಳಗೆ ಲೆಕ್ಕ ಓಡಿತು. ಬಾಯಿ ತೆರೆದೂ ಆಗಿತ್ತು. ಎರಡೂ ಕೈ ಎತ್ತಿಕೊಂಡು ಕೂತಿದ್ದ ನನ್ನ ಮಗಳು ನೆನಪಾದಳು.

"ನೋಡವ್ವಾ," ಎಂದೆ. "ನಾನು ನಿನಗೆ ಹೂ ಕಟ್ಟಿಕೊಡ್ತೀನಿ. ಈಗಲೇ ಹೋಗಿ ತರ್ತೀನಿ, ಬೇಕಿದ್ರೆ. ಆದ್ರೆ ಒಂದು ಮಾತು ಕೇಳು. ಕೇಳಬಾರದ ಮಾತು. ನನ್ನ ಮಗಳ ಹಾಲನ್ನ ನಾನೇ ಮಲ್ಲಿಗೆ ಕಟ್ಟಿ ಬತ್ತಿಸಿಬಿಟ್ಟೆ. ಮಗು ಬದುಕಿದೆ. ಕುಡಿಯೋಕೆ ಇಲ್ಲ. ನಿನ್ನ ಹಾಲು ಕೊಡ್ತೀಯಾ?"

ಅವಳು ನನ್ನನ್ನೇ ನೋಡಿದಳು. ಎದ್ದು ಹೋಗುತ್ತಾಳೆ ಅಂದುಕೊಂಡೆ. ಮುಖಕ್ಕೆ ಉಗಿದಿದ್ದರೂ ಒರೆಸಿಕೊಳ್ಳುತ್ತಿದ್ದೆ.

"ಹೆಣ್ಣಲ್ರಿ ನಿಮ್ದು?"

"ಹೂಂ."

"ನಂದು ಗಂಡಿತ್ತು," ಎಂದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. ಕಾಗದ ಹಿಡಿದು ಬಂದ ಗಂಡನಿಗೆ ತನ್ನ ಮಾತಿನಲ್ಲಿ ಏನೋ ಹೇಳಿದಳು. ಅವನು ನನ್ನ ಕಡೆ ನೋಡಿ, ನೆಲ ನೋಡಿ, ತಲೆಯಾಡಿಸಿದ. "ನಡೀರಿ, ಡಾಕ್ಟರ್‌ನ ಕೇಳೂಣು," ಎಂದು ಅವಳೇ ಮೊದಲು ಎದ್ದಳು.

ನೇರವಾಗಿ ಹಾಗೆಲ್ಲ ಕೊಡುವುದಕ್ಕೆ ಆಗುವುದಿಲ್ಲ ಎಂದು ನರ್ಸ್ ನನ್ನನ್ನು ಗದರಿದಳು. ಆ ಹೆಂಗಸಿನ ರಕ್ತ ಪರೀಕ್ಷೆ ಮಾಡಿದರು, ಕಾಗದಕ್ಕೆ ಸಹಿ ಹಾಕಿಸಿಕೊಂಡರು, ಹಿಂಡಿದ ಹಾಲನ್ನು ತಮ್ಮ ಮಿಷನ್ನಿನಲ್ಲಿ ಕಾಯಿಸಿ ತಣಿಸಿದರು. ಪುಡಿ ಹಾಲನ್ನು ಡಾಕ್ಟರಮ್ಮ ಇನ್ನೊಂದು ದಿನ ಮುಂದೂಡಿದರು. ಮಾರನೇ ದಿನ ಸಂಜೆ ಒಂದು ಎಂಎಲ್, ನಳಿಕೆಯಲ್ಲಿ ಇಳಿಯಿತು. ಗಾಜಿನಾಚೆ ನಿಂತು ನಾನು ಮಗುವಿನ ಹೊಟ್ಟೆಯನ್ನೇ ನೋಡುತ್ತಿದ್ದೆ. ಉಬ್ಬಲಿಲ್ಲ.

ಅವಳು ಹದಿಮೂರು ದಿನ ನಾಯಂಡಹಳ್ಳಿಯಿಂದ ಬಂದಳು. ನನ್ನ ಮಗಳೂ ಅಷ್ಟೂ ದಿನ ಆಸ್ಪತ್ರೆಗೆ ಬಂದು ಅದೇ ಕೋಣೆಯಲ್ಲಿ ಅವಳ ಪಕ್ಕ ಕೂತು ಪಂಪ್ ಹಚ್ಚಿಕೊಳ್ಳುತ್ತಿದ್ದಳು. ಅವಳಿಗೆ ಅರ್ಧ ಲೋಟ ಬರುತ್ತಿತ್ತು, ಇವಳಿಗೆ ಒಂದು ಚಮಚ, ಎರಡು ಚಮಚ. ಅದಕ್ಕಿಂತ ಮೇಲೆ ಹೋಗಲೇ ಇಲ್ಲ. ನಾನು ಅವಳಿಗೆಂದು ಜೋಳದ ರೊಟ್ಟಿ ಬಡಿಯಲು ಹೋಗಿ, ಹೆಂಚಿನ ಮೇಲೆ ಚೂರುಚೂರು ಮಾಡಿ, ಆ ಚೂರುಗಳನ್ನೇ ಡಬ್ಬಿಗೆ ತುಂಬಿಸಿಕೊಂಡು ಹೋಗುತ್ತಿದ್ದೆ. "ಇದು ರೊಟ್ಟಿ ಅಲ್ರಿ, ಚುರುಮುರಿ," ಎಂದು ಒಂದು ದಿನ ನಕ್ಕಳು. ನಕ್ಕ ತಕ್ಷಣ ಅತ್ತಳು. ಮಗಳು ಅವಳ ಬೆನ್ನು ಸವರಿದಳು. ನನ್ನ ಜೊತೆ ಮಾತ್ರ ಊಟ, ಔಷಧಿ, ಆಟೋ ಬಂತು, ಇಷ್ಟೇ ಮಾತು.

ಹದಿಮೂರನೇ ದಿನ ಡಾಕ್ಟರಮ್ಮ ಮಗುವಿನ ತೂಕ ನೋಡಿ, ಇನ್ನು ತಾಯಿಯ ಹಾಲಿನ ಜೊತೆ ಪುಡಿ ಹಾಲನ್ನೂ ನಿಧಾನವಾಗಿ ಕೊಡಬಹುದು ಎಂದರು. ರಾಯಚೂರಿನವಳ ಗಂಡ ಊರಿಗೆ ಹೋಗಿಬಿಡೋಣ ಎಂದು ಅಷ್ಟರಲ್ಲಿ ತೀರ್ಮಾನ ಮಾಡಿದ್ದ. ಹೊರಡುವ ದಿನ ಮಧ್ಯಾಹ್ನ ಅವಳು ನಮ್ಮ ಮನೆಗೆ ಬಂದಳು.

"ಈಗ ಕಟ್ರಿ ಯವ್ವಾ," ಎಂದಳು.

ನಾನು ಮಾರ್ಕೆಟ್ಟಿಗೆ ಹೋಗಿ ಕಾಲು ಕೆಜಿ ಬಿಡಿ ಮಲ್ಲಿಗೆ ತಂದೆ. ಹೂವಿನವಳು ಪೂಜೆನಾ ಎಂದು ಕೇಳಿದಾಗ ಅಲ್ಲ ಎಂದೆ. ನಡುಮನೆಯಲ್ಲಿ ಚಾಪೆ ಹಾಸಿ ಅವಳನ್ನು ಕೂರಿಸಿದೆ. ಅವಳು ರವಿಕೆ ಬಿಚ್ಚಿ, ಎರಡೂ ಕೈ ಎತ್ತಿಕೊಂಡು ಕೂತಳು. ನಾನು ಹೂ ಬೊಗಸೆಗೆ ತೆಗೆದುಕೊಂಡೆ. ಕೈ ಮುಂದೆ ಹೋಗಲಿಲ್ಲ. ಬೊಗಸೆ ಸಡಿಲಾಗಿ ಹೂ ಚಾಪೆಯ ಮೇಲೆ ಚೆಲ್ಲಿತು.

ಕೋಣೆಯ ಬಾಗಿಲಲ್ಲಿ ನಿಂತಿದ್ದ ಮಗಳು ಬಂದು ನನ್ನ ಪಕ್ಕ ಕುಳಿತಳು. "ಬಿಡಮ್ಮ. ನಾನು ಕಟ್ತೀನಿ," ಎಂದಳು. ಚೆಲ್ಲಿದ ಹೂವನ್ನು ಒಂದೊಂದಾಗಿ ಆರಿಸಿ ಮಡಿಲಿಗೆ ಹಾಕಿಕೊಂಡಳು. ಆಮೇಲೆ ಅವಳ ಕಣ್ಣನ್ನೇ ನೋಡುತ್ತ ಕೇಳಿದಳು.

"ಅಕ್ಕಾ, ಇದು ಕಟ್ಟಿದ್ರೆ ಹಾಲು ಹೋಗುತ್ತೆ. ಆಮೇಲೆ ಬೇಕು ಅಂದ್ರೂ ಬರಲ್ಲ. ಗೊತ್ತಲ್ವಾ? ಕಟ್ಟಲಾ?"

ಅಷ್ಟೇ ಮಾತು. ನಾನು ನನ್ನ ಮಗಳಿಗೆ ಕೇಳದೇ ಹೋದದ್ದು ಅಷ್ಟೇ.

ಅವಳು ಹೂಂ ಎಂದಳು. ಮಗಳು ಹೂ ಹರಡಿದಳು. ಮಲ್ಲಿಗೆಯ ಸಂದಿಯಿಂದ ಹಾಲು ಒಸರಿ ಹೊಟ್ಟೆಯ ಮೇಲೆ ಇಳಿಯಿತು, ಅದನ್ನು ಅಂಗೈಯಲ್ಲಿ ಒರೆಸಿದಳು. ಬಟ್ಟೆಯ ಒಂದು ತುದಿಯನ್ನು ನನ್ನ ಕಡೆ ಚಾಚಿ, "ಹಿಡ್ಕೋ," ಎಂದಳು. ನಾನು ಹಿಡಿದುಕೊಂಡೆ.